ಕಾಕುನ ಕಾಲೇಜು

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಸದ್ಯ ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದಾಳೆ. ವಯಸ್ಸು ಅರವತ್ತೆರಡು. ಕಾಲೇಜು ಯಾವ ಊರಲ್ಲಿದೆ ಅಂತ ಮಾತ್ರ ಕೇಳಬೇಡಿ, ಅದು ಆಕೆಗೂ ಗೊತ್ತಿಲ್ಲ!

ತಪ್ಪು ನನ್ನದೇ. ಚಿಕ್ಕೋಡಿಯಲ್ಲಿ ನನ್ನದೊಂದು ಸ್ಟೀಲ್ ಭಾಂಡೆ-ಪಾತ್ರೆಗಳ ಅಂಗಡಿ. ಹೊಸ ಫೋನ್ ಕೊಳ್ಳುವಾಗ ಹಳೆಯದಕ್ಕೆ ಫೋನಿನಂಗಡಿಯವ ಹೇಳಿದ ರೇಟು ಕೇಳಿ ಸಿಟ್ಟು ಬಂತು. ಒಯ್ದು ಅಂಕಲಿಯ ಕಾಕುಗೆ ಕೊಟ್ಟುಬಿಟ್ಟೆ. "ಪ್ರವಚನ ಕೇಳು, ಪುಣ್ಯ ಬರತೈತಿ" ಅಂದೆ. ನೀವಾದರೂ ನೆನಪಿಡಿ: ಹಳೆ ಫೋನನ್ನು ಬಂದಷ್ಟಕ್ಕೆ ಮಾರಿರಿ, ಮನೆಯವರಿಗೆ ಮಾತ್ರ ಕೊಡಬೇಡಿ. ಎಂಟೇ ದಿನದಲ್ಲಿ ಪ್ರವಚನದ ಬೆನ್ನಿಗೆ ಅದೆಲ್ಲಿಂದಲೋ ಒಂದು ಕಾರ್ಟೂನ್ ಧಾರಾವಾಹಿ ಬಂದು ಕೂತಿತು. ಚಿತ್ರ ಕಲಿಸುವ ಕಾಲೇಜು, ಅಲ್ಲಿ ಒಂದಿಷ್ಟು ಹುಡುಗ ಹುಡುಗಿಯರು. ಹೆಸರುಗಳು ಬಾಯಿಗೆ ಹತ್ತುವುದಿಲ್ಲ, ಮಾತು ಹಿಂದಿ. ಕಾಕು ಎಲ್ಲರಿಗೂ ಹೊಸ ಹೆಸರಿಟ್ಟಳು: ಗಿಡ್ಡಿ, ಕೂದಲಪ್ಪ, ಅಳಬುರಕಿ.

ಒಂದು ಸಂಜೆ ಹೋದರೆ ಫೋನು ಕಟ್ಟೆಯ ಮೇಲಿದೆ, ಚಿತ್ರ ನಿಂತುಬಿಟ್ಟಿದೆ. ಗಿಡ್ಡಿ ಬಾಯಿ ತೆರೆದು ತುತ್ತು ಹಿಡಿದು ಹಾಗೇ ಕೂತಿದ್ದಾಳೆ. ಕಾಕು ಹೊರಗೆ ಎಮ್ಮೆಗೆ ಮೇವು ಹಾಕುತ್ತಿದ್ದಳು.

"ಫೋನ್ ಕೆಟ್ಟತೇನ ಕಾಕು?"

"ಕೆಟ್ಟಿಲ್ಲೋ. ಹುಡುಗ್ರು ಊಟಕ್ಕ ಕುಂತಾವ. ಸಮಾಧಾನಲೇ ಉಣ್ಣಲಿ ಅಂತ ನಿಲ್ಲಿಸೇನಿ."

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆ ಹುಡುಗರಿಗೋ ಬಣ್ಣ ಮೆತ್ತಿಕೊಂಡು ಕೂತರೆ ಹೊತ್ತಿನ ಖಬರೇ ಇಲ್ಲ. ಅದಕ್ಕೇ ಸೂರ್ಯ ಇಳಿಯುವುದರೊಳಗೆ ಅವರ ಊಟ ಬರುವ ಹಾಗೆ ಕಾಕು ಧಾರಾವಾಹಿಯನ್ನು ಹಿಂದೆ ಮುಂದೆ ಮಾಡಿ ನೋಡುತ್ತಾಳೆ!

"ನೀ ನಿಲ್ಲಿಸಿದ್ರ ಅವು ಉಣ್ಣೂದು ಹೆಂಗ? ತುತ್ತು ಬಾಯಾಗ ನಿಂತೈತಲ್ಲ!"

"ನೀ ವ್ಯಾಪಾರದಂವ, ನಿನಗ ತಿಳಿಯೂದಿಲ್ಲ ಬಿಡು."

ಅಷ್ಟಕ್ಕೇ ಮುಗಿದಿದ್ದರೆ ನಾನೇಕೆ ಬರೆಯುತ್ತಿದ್ದೆ? ಆ ಕಾಲೇಜಿನ ಮಾಸ್ತರ ಹುಡುಗರಿಗೆ ಕೊಟ್ಟ ಹೋಮ್‌ವರ್ಕನ್ನು ಕಾಕುನೂ ಮಾಡತೊಡಗಿದಳು. ದನದ ಮನೆಯ ಗೋಡೆಯೇ ಹಾಳೆ, ಒಲೆಯ ಇದ್ದಲಿಯೇ ಪೆನ್ಸಿಲ್. ಕೈ ಬರಿ ಅಂದರೆ ಕೈ, ನೆರಳು ಬರಿ ಅಂದರೆ ನೆರಳು. ಮೂರನೇ ವಾರ ಎಮ್ಮೆ. ತನ್ನ ಚಿತ್ರ ನೋಡಿದ ಎಮ್ಮೆ ಎರಡು ಹೊತ್ತು ಹಾಲೇ ಕೊಡಲಿಲ್ಲವೆಂದು ಕಾಕಾನ ದೂರು.

ಮಾಸ್ತರನೋ ಫೋನಿನೊಳಗಿದ್ದಾನೆ. ಮಾರ್ಕ್ಸ್ ಹಾಕುವವರು ಯಾರು? ಆ ನೌಕರಿ ನನ್ನ ಕೊರಳಿಗೆ ಬಿತ್ತು.

"ಎಮ್ಮಿಗೆ ಎಷ್ಟ ಹಾಕ್ತಿ?"

"ಹತ್ತಕ್ಕ ನಾಕು."

"ನಾಕ? ಆ ಕೋಡು ನೋಡಲೇ! ಏಳು ಹಾಕು."

"ಕಾಲು ಮೂರ ಅದಾವ, ಕಾಕು."

"ನಾಲ್ಕನೇದು ಹಿಂದ ಐತಿ. ಆರೂವರಿ?"

ಆರಕ್ಕೆ ಮುಗಿಯಿತು. ನಿಪ್ಪಾಣಿಯ ವ್ಯಾಪಾರಿಗಳೂ ನನಗೆ ಇಷ್ಟು ಬೆವರಿಳಿಸಿಲ್ಲ!

"ಈ ವಯಸ್ಸಿನಾಗ ನಿನಗ ಮಾರ್ಕ್ಸ್ ಯಾಕ ಬೇಕ?" ಎಂದು ನಗುತ್ತಲೇ ಕೇಳಿದೆ. ಆಕೆ ಇದ್ದಲಿ ಕೆಳಗಿಟ್ಟಳು. ನಾಲ್ಕನೇ ಇಯತ್ತೆಯ ಪರೀಕ್ಷೆಗೆ ಎಂಟು ದಿನ ಇದ್ದಾಗ, ಸಣ್ಣ ತಮ್ಮನನ್ನು ಎತ್ತಿಕೊಳ್ಳಲು ಯಾರೂ ಇಲ್ಲವೆಂದು ಶಾಲೆ ಬಿಡಿಸಿದ್ದರಂತೆ.

"ನಾ ಪಾಸೋ ನಪಾಸೋ, ಇವತ್ತಿನ ತನಕ ಯಾರೂ ಹೇಳಲಿಲ್ಲ ನೋಡು."

ಧಾರಾವಾಹಿಯಲ್ಲಿ ಕಡೆಯ ಪರೀಕ್ಷೆ ಬಂತು. ಎದುರು ಕೂತ ಮನುಷ್ಯನನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು, ನಪಾಸಾದವರು ಊರಿಗೆ ಹೊರಡಬೇಕು. ಕಾಕು ತನಗೂ ಅದೇ ಕಾಯ್ದೆ ಹಾಕಿಕೊಂಡಳು.

"ನಪಾಸಾದ್ರ ಗ್ವಾಡಿಗೆ ಸುಣ್ಣಾ ಹಚ್ಚಿಬಿಡತೀನಿ, ಮತ್ತ ಇದ್ದಲಿ ಮುಟ್ಟೂದಿಲ್ಲ. ಈ ಸಲ ಚೌಕಾಶಿ ಇಲ್ಲ ತಮ್ಮಾ, ಖರೇ ಹೇಳಬೇಕು."

ಎದುರು ಕೂಡುವವರು ಯಾರು? ಕಾಕಾ ಅಷ್ಟರಲ್ಲೇ ಕಬ್ಬಿನೊಳಗೆ ಮಾಯ! ರವಿವಾರ ಮುಂಜಾನೆ ನಾನೇ ಸ್ಟೂಲಿನ ಮೇಲೆ ಕೂತೆ. ದೊಡ್ಡ ಗಿರಾಕಿ ಬಂದಾಗ ಕೂಡುವ ಹಾಗೆ ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದುಕೊಂಡು.

"ಅಳ್ಳಾಡಬ್ಯಾಡ. ಮಾತಾಡಬ್ಯಾಡ."

ನಾನು ಮಾತಾಡದೇ ಒಂದೂವರೆ ತಾಸು! ಅರ್ಧ ತಾಸಿಗೇ ಹೊಟ್ಟೆ ತಾನಾಗಿ ಹೊರಗೆ ಬಂತು. ಕಾಕು ನೋಡುತ್ತಾಳೆ, ಗೀಚುತ್ತಾಳೆ, ಮತ್ತೆ ನೋಡುತ್ತಾಳೆ. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ.

"ಬಾ, ನೋಡು."

ಕಿವಿ ಮೊರದಷ್ಟಿದ್ದವು. ಮೂಗು ಯಾರದೋ. ನಗಬೇಕೆಂದವನು ಅಲ್ಲೇ ನಿಂತೆ. ಬಲ ಹೆಗಲು ಎಡಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಅಂಗಡಿ ಹಾಕುವ ಮುಂಚೆ ಹದಿನಾರು ವರ್ಷ ಅದೇ ಹೆಗಲ ಮೇಲೆ ಭಾಂಡೆಯ ಗಂಟು ಹೊತ್ತು ರಾಯಬಾಗ, ಅಥಣಿ ಕಡೆಯ ಹಳ್ಳಿ ತಿರುಗಿದವ ನಾನು. ಸೋತ ಹೆಗಲು ಕಂಡರೆ ಎದುರಿನವ ರೇಟು ಇಳಿಸುತ್ತಾನೆ. ಅದಕ್ಕೇ ಟೇಲರನಿಗೆ ಹೇಳಿ ಅಂಗಿಯ ಬಲಗಡೆ ಒಳಗೆ ಅರಿವೆಯ ಮೆತ್ತೆ ಇಟ್ಟು ಹೊಲಿಸುತ್ತೇನೆ. ಇಷ್ಟು ವರ್ಷ ಒಬ್ಬ ವ್ಯಾಪಾರಿಯ ಕಣ್ಣಿಗೂ ಬಿದ್ದಿರಲಿಲ್ಲ. ಕಾಕು ಮೆತ್ತೆಯ ಕೆಳಗಿದ್ದ ಹೆಗಲನ್ನು ಬರೆದಿದ್ದಳು.

"ಯಾಕ ಸುಮ್ನಾದಿ? ನಪಾಸೇನು?" ಆಕೆಯ ದನಿ ಸಣ್ಣದಾಗಿತ್ತು.

"ಹತ್ತಕ್ಕ ಹತ್ತು."

"ಖರೇ ಹೇಳಂದ್ರ! ಕಿವಿ ನೋಡಲ್ಲೆ, ಆನಿವು ಆಗ್ಯಾವ. ಎಂಟ ಹಾಕು. ಪಾಸೋ ನಪಾಸೋ, ಅಷ್ಟ ಹೇಳು."

"ಪಾಸಾದಿ, ಕಾಕು."

ಆಕೆ ಎಮ್ಮೆಯ ಕಡೆ ಮುಖ ತಿರುಗಿಸಿ ಅದರ ಕೊರಳ ಹಗ್ಗ ಸರಿಮಾಡಿದಳು. ಆಮೇಲೆ ಬಂದು ಇದ್ದಲಿ ಮೆತ್ತಿದ ಕೈಯನ್ನು ಹಾಗೇ ನನ್ನ ಬಿಳಿ ಅಂಗಿಯ ಬಲ ಹೆಗಲ ಮೇಲೆ ಇಟ್ಟಳು.

"ಇನ್ನೂ ನೋಯತೈತೇನ, ತಮ್ಮಾ?"