ಬೆಂಚಿನ ಮೇಲಿನ ನಮ್ಮ ದಾಯಾದಿ

ನಮ್ಮ ಭಾವನಿಗೆ ಫುಟ್‌ಬಾಲ್ ಎಂದರೆ ಏನೇನೂ ಗೊತ್ತಿಲ್ಲ. ಮಧ್ಯಂತರದ ಸೀಟಿ ಊದಿದರೆ ಆಟವೇ ಮುಗಿಯಿತೆಂದು ಟಿವಿ ಆರಿಸಲು ಏಳುವ ಗಿರಾಕಿ. ಆದರೆ ವೇಲ್ಸ್ ದೇಶದ ಒಬ್ಬ ಗೋಲ್‌ಕೀಪರನ ವಿಷಯ ಕೇಳಿ ನೋಡಿ! ಅವನ ಎತ್ತರ, ತೂಕ, ಅವನು ಇದುವರೆಗೆ ಸೇರಿ ಬಿಟ್ಟ ಆರು ಕ್ಲಬ್ಬುಗಳು, ಜೊತೆಗೆ ಅವನ ರಾಶಿ, ನಕ್ಷತ್ರ, ಸದ್ಯ ನಡೆಯುತ್ತಿರುವ ದಶೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾರೆ. ಇಡೀ ಕುವೈತಿನಲ್ಲಿ, ಬಹುಶಃ ಇಡೀ ವೇಲ್ಸಿನಲ್ಲೇ, ಆ ಮನುಷ್ಯನಿಗಿರುವ ಏಕೈಕ ಅಭಿಮಾನಿ ನಮ್ಮ ಭಾವ. ಹೆತ್ತ ತಾಯಿಯೇ ಪಂದ್ಯಕ್ಕೆ ಹೋಗುವುದನ್ನು ಬಿಟ್ಟು ಬಹಳ ವರ್ಷವಾಯಿತಂತೆ.

ಭಾವ ಎಂದರೆ ನಮ್ಮಕ್ಕನ ಗಂಡ. ಕುವೈತಿನ ರಿಗ್ಗೈ ಬಡಾವಣೆಯ ಒಂದೇ ಕಟ್ಟಡದಲ್ಲಿ ಅವರ ಮನೆ ಐದನೇ ಮಹಡಿ, ನಮ್ಮದು ಮೂರನೇದು. ಆದ್ದರಿಂದ ಅವರ ಹುಚ್ಚು ಯಾವುದೂ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಶುಐಬಾದ ಒಂದು ಕಾರ್ಖಾನೆಯಲ್ಲಿ ಅವರು ಇಂಜಿನಿಯರ್. ಏನಾದರೂ ಅನಾಹುತವಾದರೆ ಇಡೀ ಕಾರ್ಖಾನೆಯನ್ನು ತಟ್ಟನೆ ನಿಲ್ಲಿಸುವ ವ್ಯವಸ್ಥೆ ಇರುತ್ತದಲ್ಲ, ಅದು ಇವರ ಸುಪರ್ದಿಯಲ್ಲಿದೆ. ದೇವರ ದಯೆ, ಇಪ್ಪತ್ತೆರಡು ವರ್ಷದಿಂದ ಅನಾಹುತವಾಗಿಲ್ಲ. ಹಾಗಾದರೆ ಇಷ್ಟು ವರ್ಷ ಇವರು ಅಲ್ಲಿ ಮಾಡಿದ್ದಾದರೂ ಏನು? ಅಕ್ಕನನ್ನು ಕೇಳಿದರೆ ಒಂದೇ ಉತ್ತರ: ಕೂತಿದ್ದಾರೆ.

ಅಲ್ಲೇ ಇವರಿಗೆ ಈ ಗೋಲ್‌ಕೀಪರ್ ಗಂಟುಬಿದ್ದದ್ದು. ಇವರ ಮೇಲಧಿಕಾರಿಯಾಗಿದ್ದ ವೇಲ್ಸಿನ ಮುದುಕರೊಬ್ಬರು ಶನಿವಾರ ಡ್ಯೂಟಿ ಬಿದ್ದಾಗಲೆಲ್ಲ ತಮ್ಮೂರಿನ ತಂಡದ ಆಟವನ್ನು ಫೋನಿನಲ್ಲಿ ನೋಡುತ್ತಿದ್ದರಂತೆ. ನಾಲ್ಕನೇ ದರ್ಜೆಯ ತಂಡ. ಒಂದು ಸಲ ಭಾವನೂ ಇಣುಕಿ ನೋಡಿದರು. ಹೊಡೆದವರನ್ನು ನೋಡಲಿಲ್ಲ, ಓಡಿದವರನ್ನು ನೋಡಲಿಲ್ಲ. ತೊಂಬತ್ತು ನಿಮಿಷ ಗ್ಲೌಸ್ ಹಾಕಿಕೊಂಡು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದನಲ್ಲ, ಅವನು ಯಾರು ಎಂದು ಕೇಳಿದರಂತೆ. ಎರಡನೇ ಗೋಲ್‌ಕೀಪರ್, ಮೊದಲನೆಯವನಿಗೆ ಏನಾದರೂ ಆದರೆ ಇವನು ಇಳಿಯಬೇಕು ಎಂದು ಮುದುಕರು ವಿವರಿಸಿದರು. ಆ ಕ್ಷಣದಿಂದ ಭಾವ ಅವನ ಕಡೆಯವರಾಗಿಬಿಟ್ಟರು. ಮುದುಕರು ರಿಟೈರ್ ಆಗಿ ಊರಿಗೆ ಹೋದರು, ಗೋಲ್‌ಕೀಪರ್ ಇಲ್ಲೇ ಉಳಿದ.

ಭಾವನ ಬಾಯಲ್ಲಿ ಅವನು 'ನಮ್ಮ ಹುಡುಗ'. ಹುಡುಗನಿಗೆ ಮೂವತ್ನಾಲ್ಕು ವರ್ಷ, ಮುಂದಲೆಯಲ್ಲಿ ಕೂದಲಿಲ್ಲ! ಈ ತಂಡದಲ್ಲಿ ನಾಲ್ಕು ವರ್ಷ ಕೂತಿದ್ದಾನೆ, ಒಂದೇ ಒಂದು ಪಂದ್ಯಕ್ಕೆ ಇಳಿದಿಲ್ಲ. ಹೋದ ವರ್ಷ ಸೀಸನ್ ಶುರುವಾದಾಗ ಭಾವ ಸಪ್ಪೆ ಮುಖ ಮಾಡಿಕೊಂಡು ಬಂದರು. ಮೇ ತಿಂಗಳಿಗೆ ಅವನ ಕರಾರು ಮುಗಿಯುತ್ತದಂತೆ. ಅಷ್ಟರೊಳಗೆ ಆಡಲಿಲ್ಲವೆಂದರೆ ಈ ವಯಸ್ಸಿನಲ್ಲಿ ಇನ್ಯಾರೂ ಕರೆಯುವುದಿಲ್ಲ, ಕಥೆ ಖಲಾಸ್. ಹೇಗಾದರೂ ಮಾಡಿ ಅವನನ್ನು ಒಂದು ಸಲ ಕಣಕ್ಕಿಳಿಸಲೇಬೇಕು. ಕುವೈತಿನಲ್ಲಿ ಕೂತ ನಮ್ಮ ಭಾವ ಅದಕ್ಕೇನು ಮಾಡಬಲ್ಲರು? ಮೈಸೂರಿನಲ್ಲಿ ನಮ್ಮ ಬೀದಿಯ ಆಂಜನೇಯನಿಗೆ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸಲು ಹೊರಟರು.

ಅರ್ಚಕರು ನಕ್ಷತ್ರ ಕೇಳಿದರು. ನಕ್ಷತ್ರಕ್ಕೆ ಹುಟ್ಟಿದ ಹೊತ್ತು ಬೇಕು. ಕ್ಲಬ್ಬಿನ ವಿಳಾಸಕ್ಕೆ ಇಮೇಲ್ ಬರೆಯುವ ಕೆಲಸ ಬ್ಯಾಂಕಿನಲ್ಲಿ ದಿನವಿಡೀ ಇಂಗ್ಲಿಷ್ ಕುಟ್ಟುವ ಈ ನಾದಿನಿಯ ಪಾಲಿಗೆ ಬಂತು. ನೀವೇ ಹೇಳಿ, ಗುರುತು ಪರಿಚಯವಿಲ್ಲದ ಗಂಡಸಿಗೆ, 'ನೀವು ಹುಟ್ಟಿದ್ದು ಎಷ್ಟು ಗಂಟೆಗೆ?' ಎಂದು ಯಾವ ಮುಖ ಇಟ್ಟುಕೊಂಡು ಬರೆಯುವುದು? ನಮ್ಮ ಕಡೆ ಹೆಣ್ಣು ಕೊಡುವವರು ಮಾತ್ರ ಕೇಳುವ ಪ್ರಶ್ನೆ ಅದು! ಅವನು ಪೊಲೀಸರಿಗೆ ಹೇಳಿದರೆ ಈ ದೇಶದಲ್ಲಿರಲು ಕೊಟ್ಟ ನನ್ನ ಇಕಾಮಾ ಪರವಾನಗಿಯ ಗತಿ ಏನು ಭಾವ ಎಂದೆ. 'ಸುಮ್ಮನೆ ಬರಿಯಮ್ಮ' ಎಂದರು. ಪೂಜೆಯ ಕಾರಣವನ್ನೂ ತಿಳಿಸಿ ಬರೆದೆ.

ಮೂರು ವಾರಕ್ಕೆ ಉತ್ತರ ಬಂತು! ತನಗೆ ಇದುವರೆಗೆ ಬಂದ ಅಭಿಮಾನಿ ಪತ್ರಗಳು ಎರಡೇ ಎರಡಂತೆ, ಆ ಎರಡನ್ನೂ ತಂಡದ ಹುಡುಗರೇ ಗೇಲಿ ಮಾಡಲು ಬರೆದಿದ್ದರಂತೆ. ಇದೂ ಹಾಗೇ ಇರಬೇಕೆಂದು ಸುಮ್ಮನಿದ್ದನಂತೆ. ಆಮೇಲೆ ಯಾಕೋ ಮನಸ್ಸು ತಡೆಯದೆ ಅಮ್ಮನನ್ನು ಕೇಳಿದನಂತೆ. ಮಧ್ಯಾಹ್ನ ನಾಲ್ಕೂ ಇಪ್ಪತ್ತು, ಹೊರಗೆ ಮಳೆ ಬರುತ್ತಿತ್ತು ಎಂದು ಆಕೆ ಹೇಳಿದರಂತೆ. ಆ ದೇಶದಲ್ಲಿ ಮಳೆ ಬಾರದ ಹೊತ್ತಾದರೂ ಯಾವುದೋ!

ಭಾವ ಆ ಕೂಡಲೇ ಮೈಸೂರಿನ ಜೋಯಿಸರಿಗೆ ಫೋನ್ ಹಚ್ಚಿದರು. ಜೋಯಿಸರು ಕುಂಡಲಿ ಹಾಕಿ, ಹುಡುಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿದರು.

'ಚೆಂಡು ಹಿಡಿಯೋದು.'

'ಅದಕ್ಕೆ ಸಂಬಳ ಕೊಡ್ತಾರಾ?'

'ಹಿಡಿಯೋದಕ್ಕಲ್ಲ ಜೋಯಿಸರೇ. ಹಿಡಿಯೋ ಸಂದರ್ಭ ಬರಬಹುದು ಅಂತ ಕೂತಿರೋದಕ್ಕೆ.'

'ಹಾಗನ್ನಿ. ಅದಕ್ಕೇ ನನಗೆ ಸರ್ಕಾರಿ ನೌಕರಿ ಥರ ಕಾಣಿಸ್ತಿತ್ತು' ಎಂದ ಜೋಯಿಸರು, ಕರ್ಮಸ್ಥಾನದಲ್ಲಿ ಶನಿ ಕೂತುಬಿಟ್ಟಿದ್ದಾನೆ, ಅವನು ಎದ್ದರೆ ಇವನೂ ಏಳುತ್ತಾನೆ ಎಂದು ತೀರ್ಪು ಕೊಟ್ಟರು. ಪರಿಹಾರ ಏನೆಂದರೆ ಪ್ರತಿ ಶನಿವಾರ ಆಂಜನೇಯನಿಗೆ ಅರ್ಚನೆ.

ಇನ್ನು ಗೋತ್ರ. ಗೋತ್ರ ಗೊತ್ತಿಲ್ಲದವರನ್ನೆಲ್ಲ ಕಾಶ್ಯಪ ಗೋತ್ರಕ್ಕೆ ಸೇರಿಸುವುದು ಪದ್ಧತಿ ಎಂದು ಅರ್ಚಕರು ಹಾಗೇ ಸೇರಿಸಿದರು. ಭಾವನದೂ ಕಾಶ್ಯಪ ಗೋತ್ರವೇ! ಅಕ್ಕ ಹಣೆ ಚಚ್ಚಿಕೊಂಡಳು. ಇದುವರೆಗೆ ಬರೀ ಹುಚ್ಚಾಗಿದ್ದದ್ದು ಈಗ ದಾಯಾದಿಯೂ ಆಯಿತು, ಇನ್ನು ಆ ಮನೆಯಲ್ಲಿ ಮಗು ಹುಟ್ಟಿದರೆ ನಾವಿಲ್ಲಿ ಹತ್ತು ದಿನ ಪುರುಡು ಆಚರಿಸಬೇಕು ಎಂದು ರೇಗಿದಳು. ನಾನಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹುಟ್ಟಿ ಎರಡು ವರ್ಷವಾಯಿತು, ಹೆಣ್ಣು ಮಗು ಎಂದು ಭಾವ ಗಂಭೀರವಾಗಿ ಮಾಹಿತಿ ಕೊಟ್ಟರು.

ಅಲ್ಲಿಂದ ಶನಿವಾರಗಳೆಲ್ಲ ಒಂದೇ ಥರ. ಸ್ನಾನ, ಪಂಚೆ, ಹಣೆಗೆ ಸಿಂಧೂರ, ಆಮೇಲೆ ಟಿವಿ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದ ಅರೆಕ್ಷಣಕ್ಕೆ, 'ಅಗೋ, ನಮ್ಮ ಹುಡುಗ' ಎನ್ನುವುದು. ನಮ್ಮ ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಹಾರಿಸ್ ಫುಟ್‌ಬಾಲ್ ಎಂದರೆ ಪ್ರಾಣ ಬಿಡುವವನು. ಒಂದು ದಿನ ನಲ್ಲಿ ರಿಪೇರಿಗೆ ಬಂದವನು ನಿಂತು ಆಟ ನೋಡಿದ, ಭಾವನ ಅಚ್ಚುಮೆಚ್ಚಿನ ಆಟಗಾರ ಯಾರೆಂದು ಕೇಳಿದ. ಭಾವ ಬೆಂಚು ತೋರಿಸಿದರು. ಅವನು ಒಮ್ಮೆ ಬೆಂಚನ್ನು, ಒಮ್ಮೆ ಭಾವನನ್ನು ನೋಡಿ ನಲ್ಲಿಯನ್ನು ಅರ್ಧಕ್ಕೇ ಬಿಟ್ಟು ಹೋದ.

ಅಂತೂ ಮೇ ತಿಂಗಳು ಬಂತು, ಸೀಸನ್ನಿನ ಕಡೆಯ ಪಂದ್ಯ. ಸಂಜೆ ಐದಕ್ಕೆ ಆಟ. ಹೊರಗೆ ಧೂಳೆದ್ದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಎಂಬತ್ತನೇ ನಿಮಿಷದವರೆಗೂ ಶನಿ ಕೂತೇ ಇದ್ದ. ಆಗ ಮೊದಲನೇ ಗೋಲ್‌ಕೀಪರ್ ಯಾರಿಗೋ ಡಿಕ್ಕಿ ಹೊಡೆದು ಬಿದ್ದು, ಭುಜ ಹಿಡಿದುಕೊಂಡು ಹೊರಳಾಡತೊಡಗಿದ. ಪಾಪ ಎನ್ನಬೇಕಾದ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಇಲ್ಲಿ ಭಾವ ಎದ್ದು ನಿಂತರು. ಅಲ್ಲಿ ನಮ್ಮ ಹುಡುಗನೂ ಎದ್ದು ನಿಂತ. ಜಾಕೆಟ್ ಬಿಚ್ಚಿದ, ಗ್ಲೌಸ್ ಬಿಗಿ ಮಾಡಿಕೊಂಡ, ಎರಡು ಸಲ ಕುಪ್ಪಳಿಸಿದ. ಅಕ್ಕ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದಳು.

ತರಬೇತುದಾರ ಮಾತ್ರ ತಲೆ ಮೇಲೆ ಕೈ ಹೊತ್ತುಕೊಂಡು ನಿಂತಿದ್ದ. ನಮಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ನಿಯಮ ಹುಡುಕಿ ನಾನೇ ಹೇಳಬೇಕಾಯಿತು. ಒಂದು ಪಂದ್ಯದಲ್ಲಿ ಐದು ಜನರನ್ನಷ್ಟೇ ಬದಲಾಯಿಸಬಹುದು, ಐದನೆಯವನನ್ನು ಎರಡು ನಿಮಿಷದ ಕೆಳಗೆ ಇಳಿಸಿಯಾಗಿತ್ತು. ಇನ್ನು ಬೆಂಚಿನಿಂದ ಯಾರೂ ಬರುವ ಹಾಗಿಲ್ಲ. ಮೈದಾನದಲ್ಲಿ ಇದ್ದವರಲ್ಲೇ ಒಬ್ಬ ಎತ್ತರದ ಆಸಾಮಿಯನ್ನು ಗೋಲಿನ ಮುಂದೆ ನಿಲ್ಲಿಸಬೇಕಂತೆ. ಆ ಆಸಾಮಿ ಗಾಬರಿಯಿಂದ ಬರಿಗೈಯಲ್ಲಿ ಗೆರೆಯ ಹತ್ತಿರ ಬಂದ. ನಮ್ಮ ಹುಡುಗ ತನ್ನ ಗ್ಲೌಸ್ ಬಿಚ್ಚಿದ. ಅವನ ಕೈಗೆ ತಾನೇ ತೊಡಿಸಿ, ಮಣಿಕಟ್ಟಿನ ಪಟ್ಟಿ ಬಿಗಿದು, ಗೋಲಿನ ಕಡೆ ಬೆರಳು ತೋರಿಸಿ ಕಿವಿಯಲ್ಲಿ ಏನೋ ಹೇಳಿ, ಬೆನ್ನು ತಟ್ಟಿ ಕಳಿಸಿದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕೂತ. ಇಂಥ ಹೊತ್ತಿಗೆಂದೇ ನಾಲಿಗೆ ಮಸೆದಿಟ್ಟುಕೊಂಡವಳು ನಾನು. ಆದರೆ ಭಾವನ ಮುಖ ನೋಡುವ ಧೈರ್ಯವೇ ಆಗಲಿಲ್ಲ.

ಮುಂದಿನ ವಾರ ಕ್ಲಬ್ಬಿನವರು ಬಿಟ್ಟುಕಳಿಸುವವರ ಪಟ್ಟಿ ಹಾಕಿದರು. ಅವನ ಹೆಸರು ಅದರಲ್ಲಿತ್ತು. ಭಾವ ನನ್ನನ್ನು ಮೇಲಕ್ಕೆ ಕರೆಸಿ, 'ನಾವು ನೋಡಿದ್ವಿ ಅಂತ ಬರಿಯಮ್ಮ' ಎಂದರು. ಏನನ್ನು ನೋಡಿದ್ದು ಎಂದು ಬರೆಯಲಿ ಎಂದು ಕೇಳಿದೆ. 'ಗ್ಲೌಸ್ ಕೊಟ್ಟದ್ದನ್ನ. ಅಷ್ಟೇ ಸಾಕು.'

ಎರಡೇ ದಿನದಲ್ಲಿ ಉತ್ತರ ಬಂತು. ಅದನ್ನು ನೋಡಿದೆ ಎಂದು ಹೇಳಿದವರು ನೀವೊಬ್ಬರೇ ಎಂದು ಬರೆದಿದ್ದ. ಇನ್ನು ಆಟ ಮುಗಿಯಿತು, ಬೇರೆ ಕೆಲಸ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ನಿಮ್ಮ ದೇವಸ್ಥಾನದವರಿಗೆ ನನ್ನ ಕೃತಜ್ಞತೆ ಹೇಳಿ, ಇನ್ನು ಅವರಿಗೆ ತೊಂದರೆ ಬೇಡ, ನಿಲ್ಲಿಸಲು ಹೇಳಿ ಎಂದಿದ್ದ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಭಾವ ಕೇಳಿಸಿಕೊಂಡರು. ಅವನು ಹೇಳುವುದೂ ಸರಿಯೇ ಎಂದು ಅರ್ಚಕರಿಗೆ ಫೋನ್ ಮಾಡಲು ಕನ್ನಡಕ ಹುಡುಕತೊಡಗಿದರು.

ಅಕ್ಕ ಬಂದು ಅವರ ಕೈಯಿಂದ ಫೋನ್ ಕಿತ್ತುಕೊಂಡಳು. 'ಕೆಲಸ ಇದ್ದಾಗ ಪೂಜೆ ಮಾಡಿಸಿ, ಕೆಲಸ ಹೋದಾಗ ನಿಲ್ಲಿಸ್ತೀರಾ? ಈಗ ಅಲ್ವೇನ್ರೀ ಆ ಹುಡುಗನಿಗೆ ದೇವರು ಬೇಕಾಗಿರೋದು?'

ಕೆಲಸ ಹೋದ ಮನೆ ಹೇಗಿರುತ್ತದೆ ಎಂದು ಈ ಊರಿನಲ್ಲಿ ಬದುಕುವ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಭಾವ ಕನ್ನಡಕ ಹುಡುಕುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

'ಬರಿಯಮ್ಮ. ಪೂಜೆ ನಿಲ್ಲೋದಿಲ್ಲ ಅಂತ ಬರಿ. ಹೆಂಡತಿದು, ಮಗುದು ಹುಟ್ಟಿದ ಹೊತ್ತನ್ನೂ ಕಳಿಸೋಕೆ ಹೇಳು.'