ಹದ್ದು ಕಂಡ ಮಸ್ಕಿ

ನನಗೆ ಚಿತ್ರ ಬರೆಯಲು ಬರುತ್ತದೆ ಎಂಬುದು ಮಸ್ಕಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳಿದವನು ನಾನೇ. ಆವರೆಗೆ ನಾನು ಬರೆದದ್ದು ಮೂರು ಅಂಗಡಿಗಳ ಬೋರ್ಡು, ಒಂದು ಎತ್ತು. ಎತ್ತನ್ನು ನೋಡಿದವರು ಕುದುರೆ ಚೆನ್ನಾಗಿದೆ ಅಂದಿದ್ದರು. ನಿಜವಾಗಿ ನಾನು ಪಳಗಿದ್ದು ಜನರ ದನಿ, ನಡಿಗೆ ಅಣಕಿಸುವುದರಲ್ಲಿ. ನನ್ನ ಸೋದರಮಾವ ಸಂಗಪ್ಪ ಸಾಹುಕಾರರು ದೊಡ್ಡ ಮಾತಿಗೆ ಮುಂಚೆ ಮೂರು ಸಲ ಕೆಮ್ಮುತ್ತಿದ್ದರು. ಅದನ್ನು ಅವರಿಗಿಂತ ನಾನೇ ಚೆನ್ನಾಗಿ ಕೆಮ್ಮುತ್ತಿದ್ದೆ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ತುಂಗಭದ್ರೆಯ ಕಾಲುವೆ ನಮ್ಮ ಕಡೆ ಬರುತ್ತದೆಂದು ಸುದ್ದಿ. ಕಾಲುವೆ ಬಂದಿರಲಿಲ್ಲ, ಅಳತೆಯ ಕಲ್ಲು ಬಂದಿದ್ದವು. ಅಷ್ಟಕ್ಕೇ ಗದಗಿನ ಕಡೆಯ ಮಾಲೀಕರೊಬ್ಬರು ಹತ್ತಿ ಗಿರಣಿ ಹಾಕಲು ಊರು ಹುಡುಕುತ್ತಿದ್ದರು. ಲಿಂಗಸುಗೂರಿನವರೂ ಸಿಂಧನೂರಿನವರೂ ತಮ್ಮ ಊರಿನ ಗುಣಗಾನವನ್ನು ಕಾಗದದಲ್ಲಿ ಬರೆದು ಕಳಿಸಿದ್ದರು.

"ಲೇ ಚೆನ್ನ, ನಾವು ಬರದು ಕಳಸೂದು ಬ್ಯಾಡ, ತೋರಿಸೇ ಬಿಡೂಣು," ಅಂದರು ಮಾವ. "ಗುಡ್ಡದ ಮ್ಯಾಲೆ ಕುಂತು ಇಡೀ ಊರಿನ ಚಿತ್ರ ತೆಗಿ. ಹದ್ದು ನೋಡಿದಂಗ ಕಾಣಬೇಕು. ಗಿರಣಿ ಬಂತಂದ್ರ ಗುಮಾಸ್ತನ ನೌಕರಿ ನಿಂದ. ನೌಕರಿ ಆತಂದ್ರ ನಮ್ಮ ನೀಲವ್ವನ್ನ..." ಅಷ್ಟಕ್ಕೇ ನಿಲ್ಲಿಸಿ ಕೆಮ್ಮಿದರು. ನೀಲವ್ವ ಅವರ ಮಗಳು. ಮುಂದಿನದನ್ನು ನಾನು ಕೆಮ್ಮಿನಲ್ಲೇ ತಿಳಿದುಕೊಂಡೆ.

ಬಾಗಿಲ ಹಿಂದಿನಿಂದ ನೀಲವ್ವ, "ಅಪ್ಪಾ, ಹದ್ದಿಗೇ ಹೇಳಿದ್ರ ಚಲೋ ಬರೀತಿತ್ತು," ಅಂದಳು.

ಮಾವ ಡಂಗುರ ಸಾರಿಸಿದರು: ನಾಳೆ ಊರಿನ ಚಿತ್ರ ತೆಗೀತಾರ! ಜನ ಅಂಗಳ ಗುಡಿಸಲಿ ಎಂಬುದು ಅವರ ಉದ್ದೇಶ. ಜನ ಬೇರೆಯೇ ಯೋಚಿಸಿದರು. ಮೇಲಿನಿಂದ ತೆಗೆಯುವ ಚಿತ್ರದಲ್ಲಿ ಕೆಳಗೆ ನಿಂತವನು ಕಂಡಾನೆಯೇ? ನಮ್ಮೂರಿನ ಮನೆಗಳೋ ಚಪ್ಪಟೆ ಮಣ್ಣಿನ ಮಾಳಿಗೆಯವು. ಬೆಳಿಗ್ಗೆ ಗುಡ್ಡವೇರಿ ತಿರುಗಿ ನೋಡುತ್ತೇನೆ, ಇಡೀ ಮಸ್ಕಿ ಮಾಳಿಗೆಯ ಮೇಲಿದೆ! ಬರಿಗೈಯಲ್ಲಿ ಏರಿರಲಿಲ್ಲ, ಮನೆತನದ ಘನತೆ ತಿಳಿಯಲೆಂದು ಹಂಡೆ, ಟ್ರಂಕು, ಗಾದಿ, ಮಂಚ ಎಲ್ಲವನ್ನೂ ಮೇಲೆ ಸಾಗಿಸಿದ್ದರು. ದರ್ಜಿ ಹೊಲಿಗೆ ಮಷೀನು ತಬ್ಬಿಕೊಂಡು ಕೂತಿದ್ದ. ಒಬ್ಬರು ಎಮ್ಮೆಯನ್ನು ಹತ್ತಿಸಲು ನೋಡಿ, ಕೊನೆಗೆ ಆಡಿಗೆ ಒಪ್ಪಿಕೊಂಡಿದ್ದರು. ಮಾವ ಎಲ್ಲರಿಗಿಂತ ಎತ್ತರದ ಮಾಳಿಗೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಉಳಿದವರೆಲ್ಲ ತಾವು ತಪ್ಪಿಹೋಗಬಾರದೆಂದು ನನ್ನ ಕಡೆ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ನಾನು ಸತ್ಯವಂತ ಕಲಾವಿದ. ಕಂಡದ್ದನ್ನು ಕಂಡ ಹಾಗೆ ಬರೆದೆ.

ಸುಳ್ಳು ಬರೆದದ್ದು ಒಂದೇ, ಕಾಲುವೆ. ಅದೂ ಮಾವನ ಆಜ್ಞೆ: "ನಾಳೆ ಬರೂದನ್ನ ಇವತ್ತೇ ಬರದ್ರ ತಪ್ಪೇನೈತಿ?"

"ಎಷ್ಟು ಅಗಲ ಇರ್ಲಿ ಮಾವ?"

"ಜಿಪುಣತನ ಮಾಡಬ್ಯಾಡ!"

ಮಾಡಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಇಡೀ ಪೊಟ್ಟಣ ಕಲಸಿ ಹೊಯ್ದೆ. ಅದು ಹರಿದು ಎರಡು ಬೀದಿ ದಾಟಿ ಸಂತೆಯ ಬಯಲಿನಲ್ಲಿ ನಿಂತಿತು. ಮಾವ ದೂರ ಹಿಡಿದು ನೋಡಿ, "ಕಣ್ಣಿಗೆ ತಂಪಾತು," ಎಂದು ಮೆಚ್ಚಿದರು. ನೀಲವ್ವ ಮಾತ್ರ ಬಹಳ ಹೊತ್ತು ನೋಡಿ ಕೇಳಿದಳು: "ಇವ್ರೆಲ್ಲ ಯಾರ್ನ ಕೂಗಾಕತ್ತಾರ?"

"ಗಿರಣಿ ಮಾಲೀಕರನ್ನ," ಅಂದೆ ಹೆಮ್ಮೆಯಿಂದ.

ಚಿತ್ರವನ್ನು ಸುರುಳಿ ಸುತ್ತಿ, ಊರಿನ ಹೆಸರು ಬಿಟ್ಟು ಬೇರೇನೂ ಬರೆಯದೆ ಗದಗಿನ ಕಡೆಗೆ ಕಳಿಸಿದೆವು. ಹದಿನೈದು ದಿನಕ್ಕೆ ಬಸ್ಸಿನ ಮೇಲೆ ಒಂದು ದೊಡ್ಡ ಗಂಟು, ಜೊತೆಗೆ ಒಂದು ಕಾಗದ ಬಂದವು. ಗಂಟು ಮೊದಲು ಬಿಚ್ಚಿದೆವು. ಒಳಗೆ ಬಟ್ಟೆಗಳು!

"ಗಿರಣಿ ಮಂಜೂರಾತು!" ಮಾವ ಕೂಗಿದರು. "ಖುಷಿಗೆ ಆಯೇರಿ, ಉಡುಗೊರಿ ಕಳಿಸ್ಯಾರ! ಹಂಚ್ರಿ!" ಅರ್ಧ ಗಂಟೆಯಲ್ಲಿ ಗಂಟು ಖಾಲಿ. ಮಾವ ಒಂದು ಶಾಲು ಹೊದ್ದರು. ನನಗೆ ಮೊಣಕಾಲು ಮುಟ್ಟುವ ಕೋಟು ಸಿಕ್ಕಿತು. ಮೊಣಕೈ ಸವೆದಿತ್ತು, ಗದಗಿನ ಫ್ಯಾಶನ್ ಇರಬೇಕೆಂದು ಸುಮ್ಮನಾದೆ.

ಆಮೇಲೆ ಕಾಗದ ಬಿಚ್ಚಿ, ಶ್ರೀಮಂತರಿಗೆ ತಕ್ಕ ಗಡಸು ದನಿ ಮಾಡಿಕೊಂಡು ಎಲ್ಲರೆದುರು ಓದತೊಡಗಿದೆ: "ತಮ್ಮ ಊರಿನ ಭೀಕರ ಪ್ರವಾಹದ ಚಿತ್ರ ನೋಡಿ ಕರುಳು ಕಿವುಚಿತು. ಕೈಯೆತ್ತಿ ಮೊರೆಯಿಡುವ ಹೆಂಗಸರು, ಮಕ್ಕಳು. ಎಲ್ಲ ಆಸೆ ಬಿಟ್ಟು ಕುರ್ಚಿಯಲ್ಲಿ ಕೂತ ಆ ವಯೋವೃದ್ಧರು..." ಗಡಸು ದನಿ ಅಲ್ಲಿಗೇ ಕೈಕೊಟ್ಟಿತು. ಉಳಿದದ್ದನ್ನು ನನ್ನ ದನಿಯಲ್ಲೇ ಓದಿದೆ. "...ಮೈ ಮುಚ್ಚಲು ಸದ್ಯಕ್ಕೆ ಹಳೆಯ ಬಟ್ಟೆ ಕಳಿಸಿದ್ದೇನೆ. ಗಿರಣಿಗೆ ಸಿಂಧನೂರಿನಲ್ಲಿ ಜಾಗ ಗೊತ್ತು ಮಾಡಿದ್ದೇನೆ."

"ವಯೋವೃದ್ಧ ಯಾರಲೇ?" ಅಂದರು ಮಾವ. ನಾನು ಕಾಗದ ಮಡಚಿದೆ. "ಈಗಿಂದೀಗ ಬರಿ! ನಮ್ಮೂರಾಗ ಯಾವ ನೆರೀನೂ ಬಂದಿಲ್ಲಂತ ಬರಿ!"

"ಬರೀತೀನಿ ಮಾವ. ಆದ್ರ ಅರಿವಿ ಎಲ್ಲಾ ವಾಪಸ್ ಕೊಡಬೇಕಾಕ್ಕೈತಿ."

ಸುತ್ತ ನೆರೆದಿದ್ದ ಜನ ಅದಾಗಲೇ ಇರಲಿಲ್ಲ, ಅಂಗಿಗಳೂ ಇರಲಿಲ್ಲ. ಮಾವ ತಮ್ಮ ಶಾಲಿನ ಅಂಚನ್ನು ಬೆರಳಲ್ಲಿ ಸವರಿದರು. ಮೂರು ಸಲ ಕೆಮ್ಮಿದರು.

"ಸಣ್ಣ ನೆರಿ ಬಂದಿತ್ತಂತ ಬರಿ."

ಗಿರಣಿ ಸಿಂಧನೂರಿನಲ್ಲೇ ಎದ್ದಿತು. ಅದಕ್ಕೊಬ್ಬ ಗುಮಾಸ್ತ ಸಿಂಧನೂರಿನಲ್ಲೇ ಸಿಕ್ಕ. ವರ್ಷದೊಳಗೆ ಮಾವನಿಗೂ ಅವನೇ ಅಳಿಯನಾಗಿ ಸಿಕ್ಕ. ಮದುವೆಗೆ ನನ್ನಲ್ಲಿದ್ದ ಒಳ್ಳೆಯ ಉಡುಪೆಂದರೆ ಆ ಕೋಟು. ಅದನ್ನೇ ತೊಟ್ಟು ಪಂಕ್ತಿಯಲ್ಲಿ ಕೂತಿದ್ದೆ. ಗಿರಣಿ ಮಾಲೀಕರು ಬಂದವರು ಕೋಟಿನ ಗುರುತು ಹಿಡಿದು ನನ್ನೆದುರು ನಿಂತರು.

"ಪಾಪ, ಮಸ್ಕಿಯವ್ರೇನ್ರಿ? ನೀರು ಇಳೀತೇನು?"

"ಇಳೀತ್ರಿ," ಅಂದೆ.

ಅವರು ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳಿದರು: "ನೋಡ್ರಿ, ಎಲ್ಲಾ ಕಳಕೊಂಡಾನ. ಆದ್ರೂ ಹೆಂಗ ಊಟ ಮಾಡಾಕತ್ತಾನ!"

ಕೈಯಲ್ಲಿದ್ದದ್ದು ನಾಲ್ಕನೆಯ ಹೋಳಿಗೆ. ಎಂಜಲಾಗಿತ್ತು, ವಾಪಸ್ ಇಡುವ ಹಾಗಿರಲಿಲ್ಲ. ತಿಂದೆ.