ಗೋಡೆ ದಾಟಿದ ಗಿಣ್ಣು

ನಾಲಿಗೆಗೆ ರುಚಿಯಾದದ್ದು ಮೈಗೂ ಒಳ್ಳೆಯದು ಎಂದು ಯಾರಾದರೂ ಹೇಳಿದರೆ ನಾನು ಸಾಕ್ಷಿ ಕೇಳುವುದಿಲ್ಲ. ಹಾಗಲಕಾಯಿಯನ್ನು ಹೊಗಳುವವರನ್ನು ಮಾತ್ರ ಅಡ್ಡಪ್ರಶ್ನೆ ಹಾಕಿ ಸುಸ್ತು ಮಾಡುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಹೊಸದಾಗಿ ಬಂದ ಇಂಜಿನಿಯರೊಬ್ಬರು ಇಂಗ್ಲಿಷ್ ಪತ್ರಿಕೆ ತೋರಿಸಿ, "ಫಾರಿನ್‌ನಲ್ಲಿ ಓಟಗಾರರು ಗಿಣ್ಣುಹಾಲಿನ ಪೌಡರ್ ತಗೋತಾರಂತೆ ಸಾರ್. ಪ್ರಾಕ್ಟೀಸ್ ಮಾಡಿ ದಣಿದ ಮೈ ಬೇಗ ಚೇತರಿಸ್ಕೊಳ್ಳುತ್ತಂತೆ" ಎಂದರು. ನಾನು ನಿಂತಲ್ಲೇ ನಂಬಿದೆ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲು. ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಬಾಯಲ್ಲೇ ಕರಗುತ್ತದೆ. ಅದು ಔಷಧವೂ ಆಗಿದ್ದರೆ ನನ್ನದೇನು ತಕರಾರು?

ಔಷಧದ ಅಗತ್ಯವೂ ಇತ್ತು. ಕಾರ್ಖಾನೆಯ ವಾರ್ಷಿಕ ಕ್ರೀಡಾಕೂಟದಲ್ಲಿ ನಲವತ್ತು ದಾಟಿದವರಿಗೊಂದು ಓಟ, ನಾನೂರು ಮೀಟರ್. ಹಿಂದಿನ ವರ್ಷ ಸ್ಟೋರ್ಸ್ ವಿಭಾಗದ ಬಷೀರ್ ಸಾಹೇಬರು, ಗೌರಿಬಿದನೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಎರಡನೆಯವರಾಗಿ ಬಂದಿದ್ದರು. ನಾನು ಕೊನೆಯವನಾಗಿ ಬಂದಿದ್ದೆ. ಕ್ಯಾಂಟೀನಿನಲ್ಲಿ ವರ್ಷವಿಡೀ ಅದೇ ಮಾತು. ರೇಗಿಹೋಗಿ ಒಂದು ದಿನ ಎದ್ದು ನಿಂತು, "ಈ ಸಲ ಫಸ್ಟ್ ಪ್ರೈಜ್ ನಮ್ಮನೇಗೇ ಬರೋದು, ಬರ್ದಿಟ್ಕೊಳ್ಳಿ" ಎಂದುಬಿಟ್ಟೆ. ಸೋತರೆ ಅಲ್ಲಿ ನೆಮ್ಮದಿಯಾಗಿ ಒಂದು ಲೋಟ ಟೀ ಕುಡಿಯುವಂತಿರಲಿಲ್ಲ.

ಗಿಣ್ಣುಹಾಲನ್ನು ನಮ್ಮ ಕಡೆ ಯಾರೂ ಮಾರುವುದಿಲ್ಲ, ಹಂಚುತ್ತಾರೆ. ನನ್ನ ಅದೃಷ್ಟಕ್ಕೆ ನಗರಗೆರೆಯಲ್ಲಿ ಹೆಂಡತಿಯ ತಮ್ಮ ಮುನಿರಾಜುವಿನ ಮನೆಯಲ್ಲಿ ಒಂದರ ಹಿಂದೊಂದು ಮೂರು ಹಸು ಕರು ಹಾಕಿದವು. ಗಿಣ್ಣನ್ನು ಜುನ್ನು ಎನ್ನುವ ಅವನು ವಿಷಯ ಕೇಳಿ ನಕ್ಕ. "ಏನ್ ಬಾವ, ಜುನ್ನು ತಿಂದ್ರೆ ಓಡ್ತಾರಾ? ಕರು ಕುಡಿದ್ಮೇಲೆ ಓಡ್ತದೆ, ಸರಿ. ನೀವು ತಿಂದ್ಮೇಲೆ ಮಲಗ್ತೀರಲ್ಲ!" ಆದರೂ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕ್ಯಾನು ತಪ್ಪದೆ ಬರುತ್ತಿತ್ತು. ಚೇತರಿಸಿಕೊಳ್ಳಬೇಕಾದರೆ ಮೊದಲು ದಣಿಯಬೇಕಲ್ಲ ಎಂದು ಎರಡು ದಿನ ಸ್ಕೂಲ್ ಮೈದಾನದಲ್ಲಿ ಓಡಿದೆ. ಮೂರನೆಯ ದಿನದಿಂದ ಚೇತರಿಕೆಯೊಂದನ್ನೇ ಮುಂದುವರಿಸಿದೆ.

"ಈ ವಿಷಯ ಗೋಡೆ ಆಚೆ ಹೋಗ್ಬಾರ್ದು ಕಣೇ. ಬಷೀರ್ ಸಾಹೇಬ್ರ ಮನೇಲಿ ಬಾಯಿ ಬಿಡ್ಬೇಡ" ಎಂದು ಹೆಂಡತಿ ರತ್ನಳಿಗೆ ತಾಕೀತು ಮಾಡಿದ್ದೆ. "ನಾನ್ಯಾಕೆ ಬಾಯಿ ಬಿಡ್ಲಿ?" ಎಂದಳು. ನನ್ನ ತಟ್ಟೆಗೆ ಗಿಣ್ಣಿನ ಜೊತೆ ಒಂದು ದಿನ ತುಪ್ಪ ಸುರಿಯುವ ಶಾವಿಗೆ, ಇನ್ನೊಂದು ದಿನ ಕ್ಯಾರೆಟ್ ಹಲ್ವಾ ಬೀಳತೊಡಗಿತು. ಗಂಡನ ಗೆಲುವಿಗೆ ಎಷ್ಟು ಕಷ್ಟಪಡುತ್ತಾಳೆ ಎಂದು ಮನಸ್ಸು ತುಂಬಿ ಬಂತು. ಅಲ್ಲೂ ಸಾಕ್ಷಿ ಕೇಳಲಿಲ್ಲ.

ಓಟದ ದಿನ ಅರ್ಧ ಸುತ್ತಿಗೇ ನನ್ನ ಪಕ್ಕೆ ಹಿಡಿದುಕೊಂಡಿತು. ಪ್ಯಾಂಟು ಮಡಚಿಕೊಂಡ ಬಷೀರ್ ಸಾಹೇಬರು ಎಲ್ಲರನ್ನೂ ದಾಟಿ ಮೊದಲಿಗರಾದರು. ನಾನು ಗುರಿ ಮುಟ್ಟುವ ಹೊತ್ತಿಗೆ ಮುಂದಿನ ಸ್ಪರ್ಧೆಗೆ ಕುರ್ಚಿ ಜೋಡಿಸುತ್ತಿದ್ದರು. ನಿಜಕ್ಕೂ ಅಳು ಬಂತು. ಅವರು ಬಂದು ನನ್ನ ಕೈ ಹಿಡಿದುಕೊಂಡರು. "ನಿಮ್ಮನೆ ಗಿಣ್ಣು ಸಾರ್! ಹತ್ತು ದಿನದಿಂದ ದಿನಾ ಬೆಳಿಗ್ಗೆ ಓಡಿದ್ರೂ ಮಂಡಿ ನೋವೇ ಇಲ್ಲ. ಅಂದ್ಹಾಗೆ, ನಮ್ಮ ಬೇಗಂ ಕಳಿಸಿದ ಹಲ್ವಾ ಹಿಡಿಸ್ತಾ?"

ಮನೆಗೆ ಬಂದು ಕೂಗಾಡಿದೆ. ರತ್ನ ಶಾಂತವಾಗಿ, "ಹೇಳ್ಬೇಡ ಅಂದ್ರಿ, ಹೇಳ್ಲಿಲ್ಲ. ಕೊಡ್ಬೇಡ ಅಂದ್ರಾ? ಗಿಣ್ಣು ಮಾಡಿ ಪಕ್ಕದ್ಮನೆಗೆ ಕೊಡ್ದೆ ತಿನ್ನೋರುಂಟೇನ್ರೀ? ಅವ್ರು ತಾನೇ ಪಾತ್ರೆ ಖಾಲಿ ಕಳಿಸ್ತಾರಾ?" ಎಂದಳು.

ಎರಡು ವಾರದ ಮೇಲೆ ಚಿಂತಾಮಣಿಯಲ್ಲಿ ಬಷೀರ್ ಸಾಹೇಬರ ಹೆಂಡತಿಯ ತವರಿನ ಎಮ್ಮೆ ಕರು ಹಾಕಿತು. ನಮ್ಮ ಪಾಲಿನ ಗಿಣ್ಣು ಮುಚ್ಚಳದ ಹೊಸ ಸ್ಟೀಲ್ ಪಾತ್ರೆಯಲ್ಲಿ ಬಂತು. ಪಾತ್ರೆಯ ಮೇಲೆ ದಪ್ಪ ಅಕ್ಷರದಲ್ಲಿ 'ಪ್ರಥಮ ಬಹುಮಾನ' ಎಂದು ಕೊರೆದಿತ್ತು. "ನೋಡ್ರೀ, ಫಸ್ಟ್ ಪ್ರೈಜ್ ನಮ್ಮನೇಗೇ ಬಂತು" ಎಂದಳು ರತ್ನ. ತಳ ಕಾಣುವವರೆಗೂ ತಿಂದೆ. ಮರುದಿನ ಅದರ ತುಂಬ ಕೋಡುಬಳೆ ತುಂಬಿಸಿ ವಾಪಸ್ ಕೊಟ್ಟು ಬರುವ ಕೆಲಸ ನನ್ನ ಪಾಲಿಗೇ ಬಿತ್ತು. ಪಕ್ಕದ ಮನೆಗೆ ಹದಿನೈದು ಹೆಜ್ಜೆ. ಅಷ್ಟರಲ್ಲೇ ಎರಡು ಕೋಡುಬಳೆ ಬಾಯಿಗೆ ಹಾಕಿಕೊಂಡೆ, ಚೇತರಿಕೆಗೆಂದು.